ಫೋನು ಬುಟ್ಟಿಯಲ್ಲಿದ್ದ ಒಂದು ಗಂಟೆ

ನನಗೆ ದೇವರ ಮೇಲೆ ಸಿಟ್ಟು ಎಂದು ಮಲ್ಲಂದೂರಿನ ಹೆಂಗಸರು ಮಾತಾಡಿಕೊಳ್ಳುತ್ತಾರೆ. ಸಿಟ್ಟು ಮಾಡಿಕೊಳ್ಳುವುದಕ್ಕೂ ತ್ರಾಣ ಬೇಕಲ್ಲ. ನನಗೆ ಸುಸ್ತಾಗಿದೆ, ಅಷ್ಟೇ. ಗಂಡ ಪ್ರಸಾದ್ ಕಿಡ್ನಿ ಕಾಯಿಲೆಯಿಂದ ಮಲಗಿದ್ದ ಎರಡು ವರ್ಷ ನಾನು ಹೊರದ ಹರಕೆಯಿಲ್ಲ. ಹೊರನಾಡಿಗೆ ನಾಲ್ಕು ಸಲ ಹೋದೆ, ಸೋಮವಾರಗಳಲ್ಲಿ ಉಪವಾಸ ಮಾಡಿದೆ, ಯಾರು ಯಾವ ಕಲ್ಲಿಗೆ ಕೈಮುಗಿ ಎಂದರೂ ಮುಗಿದೆ. ಅವರು ಹೋದ ಹದಿಮೂರನೆಯ ದಿನ ದೇವರ ಗೂಡಿನ ಬಾಗಿಲು ಹಾಕಿದವಳು ಆಮೇಲೆ ತೆರೆಯಲಿಲ್ಲ. ಒಳಗೆ ಏನೇನಿದೆ ಎಂಬುದೂ ಈಗ ಸರಿಯಾಗಿ ನೆನಪಿಲ್ಲ.

ಪ್ರಸಾದ್ ಬಿಳಿಕಲ್ಲು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವುದು, ಯಾವ ಬ್ಲಾಕಿಗೆ ಎಷ್ಟು ಜನ ಎಂದು ಹಂಚುವುದು, ಅಂಗಳದಲ್ಲಿ ಹರಡಿದ ಪಾರ್ಚ್‌ಮೆಂಟ್ ಕಾಫಿಬೀಜ ಒಣಗಿತೋ ಇಲ್ಲವೋ ನೋಡುವುದು, ಎಲ್ಲವೂ ರೈಟರ ತಲೆಯ ಮೇಲೆ. ಅವರ ನಂತರ ಆ ಕೆಲಸವನ್ನು ಓನರ್ ನಂದನ್ ಸಾರ್ ನನಗೇ ಕೊಟ್ಟರು. ಅಪ್ಪ ಅಮ್ಮ ಇಟ್ಟ ಪ್ರೇಮಕುಮಾರಿ ಎಂಬ ಹೆಸರು ಅಂದೇ ಹೋಯಿತು, ಆಳುಗಳಿಗೆಲ್ಲ ನಾನು ರೈಟ್ರಮ್ಮ ಆದೆ. ಪ್ರಸಾದರ ಕಾಲದಲ್ಲಿ ಇಲ್ಲದಿದ್ದ ಒಂದೇ ಒಂದು ಕೆಲಸ ನನ್ನ ಪಾಲಿಗೆ ಹೊಸದಾಗಿ ಸೇರಿಕೊಂಡಿತು. ಅದು ಆನೆಯದ್ದು.

ಮೊದಲೆಲ್ಲ ಆನೆ ನಮ್ಮ ಕಡೆ ಬಂದು ಹೋಗುತ್ತಿತ್ತು. ಈಗ ಇಲ್ಲೇ ಇರುತ್ತದೆ. ಬೆಳಗಾಗುತ್ತಿದ್ದಂತೆ ವಾಚರ್ ಚೌಡಯ್ಯ ಹಳ್ಳದ ದಾರಿಯಲ್ಲಿ ನಡೆದು, ಲದ್ದಿ ಹಸಿಯಾಗಿದೆಯೋ ಹಳತೋ, ತಿನ್ನಲು ಬೈನೆ ಮರ ಸೀಳಿದೆಯೋ, ಕೆಸರಿನಲ್ಲಿ ಹೆಜ್ಜೆ ಯಾವ ಕಡೆಗೆ ತಿರುಗಿದೆ ಎಂದೆಲ್ಲ ನೋಡಿ ನನಗೆ ಫೋನ್ ಮಾಡಬೇಕು. ಅವನದು ವಾಟ್ಸಾಪ್ ಇಲ್ಲದ ಬಟನ್ ಫೋನು, ನಾನು ಅದನ್ನು ಆಳುಗಳ ವಾಟ್ಸಾಪ್ ಗುಂಪಿಗೆ ಬಾಯಿಮಾತಿನಲ್ಲೇ ಹಾಕಬೇಕು. ‘ಇವತ್ತು ಆರನೇ ಬ್ಲಾಕ್ ಬೇಡ, ಎರಡಕ್ಕೆ ಹೋಗಿ’ ಎಂದೋ, ‘ದಾರಿ ಸರಿ ಇದೆ, ಹೊರಡಿ’ ಎಂದೋ. ನನ್ನ ದನಿ ಕೇಳಿದ ಮೇಲೆಯೇ ಆಳುಗಳ ಸಾಲುಮನೆಗಳಿಂದ ಜನ ಹೊರಬೀಳುವುದು. ನಲವತ್ತು ಜನ ಬುತ್ತಿ ಕಟ್ಟಿಕೊಂಡು, ಫೋನು ಕೈಯಲ್ಲಿ ಹಿಡಿದು, ನನ್ನ ಬಾಯಿ ಕಾಯುತ್ತಾರೆ. ಮೂರು ವರ್ಷ ಹೀಗೇ ನಡೆಯಿತು. ಹಬ್ಬ, ಜ್ವರ, ಏನೂ ಇದಕ್ಕೆ ರಜೆಯಲ್ಲ. ಸ್ನಾನಕ್ಕೆ ಹೋದರೂ ಫೋನು ಬಚ್ಚಲಿನ ಕಿಟಕಿಯ ಮೇಲೆ ಇರಬೇಕು. ಬಿ.ಪಿ. ಏರಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು ‘ಟೆನ್ಷನ್ ಮಾಡ್ಕೋಬೇಡಿ ಅಮ್ಮ’ ಎಂದರು. ಆ ಮಾತು ಹೇಳುವುದಕ್ಕೇ ಆತ ಅಷ್ಟು ವರ್ಷ ಓದಿದ್ದನೇ ಎನಿಸಿತು.

ಆಗಲೇ ಧನ್ಯಾಳ ಧ್ಯಾನದ ತರಗತಿ ಶುರುವಾದದ್ದು. ಧನ್ಯಾ ಮೂಡಿಗೆರೆ ಕಡೆಯ ಹುಡುಗಿ, ಮದುವೆಯಾಗಿ ಮಲ್ಲಂದೂರಿಗೆ ಬಂದವಳು. ಹಿಂದೆ ಆಸ್ಪತ್ರೆಯಲ್ಲಿ ಆಪ್ತಸಲಹೆ ಮಾಡುತ್ತಿದ್ದಳಂತೆ. ಮಹಿಳಾ ಸಂಘದ ಹಾಲ್‌ನಲ್ಲಿ ಬುಧವಾರ ಮತ್ತು ಭಾನುವಾರ, ಬೆಳಿಗ್ಗೆ ಆರೂವರೆಯಿಂದ ಏಳೂವರೆ. ಮಂತ್ರವಿಲ್ಲ, ಫೋಟೋ ಇಲ್ಲ, ಊದುಬತ್ತಿಯೂ ಇಲ್ಲ. ಸುಮ್ಮನೆ ಕೂತು ಉಸಿರು ಬರುವುದನ್ನೂ ಹೋಗುವುದನ್ನೂ ಗಮನಿಸಬೇಕು. ‘ಇದಕ್ಕೆ ದೇವ್ರು ಬೇಕು ಅಂತಿಲ್ಲ ಆಂಟಿ, ಬೇಡ ಅಂತಾನೂ ಇಲ್ಲ’ ಎಂದಳು. ಆ ಮಾತು ನನಗೆ ಹಿಡಿಸಿತು. ಅದಕ್ಕಿಂತ ಹಿಡಿಸಿದ್ದು ಬಾಗಿಲ ಬಳಿ ಇಟ್ಟಿದ್ದ ಬೆತ್ತದ ಬುಟ್ಟಿ. ಒಳಗೆ ಬರುವ ಮೊದಲು ಎಲ್ಲರೂ ಫೋನಿನ ಸದ್ದು ಅಡಗಿಸಿ ಅದರಲ್ಲಿ ಹಾಕಬೇಕು. ಮೊದಲ ಸಲ ಹಾಕಿ ಬಂದು ಕೂತಾಗ ಕೈ ಎಷ್ಟು ಹಗುರವಾಯಿತೆಂದರೆ, ಯಾರೂ ನೋಡದ ಹಾಗೆ ಸ್ವಲ್ಪ ಅತ್ತೆ.

ಜನ ಏನೇ ಹೇಳಲಿ, ಆ ತರಗತಿ ನನ್ನನ್ನು ಉಳಿಸಿತು. ಎರಡು ತಿಂಗಳಲ್ಲಿ ನಿದ್ದೆ ಬಂತು. ಊಟದ ರುಚಿ ತಿಳಿಯಿತು. ದೇವರ ಮುಂದೆ ಕೂತಾಗ ಯಾವಾಗಲೂ ಏನಾದರೂ ಕೇಳುತ್ತಲೇ ಇದ್ದೆ. ಇಲ್ಲಿ ಕೇಳುವುದು ಏನೂ ಇರಲಿಲ್ಲ, ಕೊಡುತ್ತೇನೆಂದು ಮಾತು ಕೊಡುವ ಗೋಜೂ ಇರಲಿಲ್ಲ. ಅಷ್ಟು ವರ್ಷ ಸುತ್ತಾಡಿದವಳಿಗೆ ಈ ಸಂಘದ ಹಾಲ್‌ನ ಜಮಖಾನವೇ ಸಾಕಿತ್ತೇನೋ ಎಂದೂ ಅನಿಸಿತು.

ತೊಡಕು ಇದ್ದದ್ದು ಹೊತ್ತಿನದ್ದು. ಚೌಡಯ್ಯನ ಫೋನು ಬರುವುದು ಆರೂಮುಕ್ಕಾಲಿಗೆ, ಬೆಳಕು ಹರಿದ ಮೇಲೆ. ಜನ ಹೊರಡುವುದು ಏಳಕ್ಕೆ. ತರಗತಿ ಇದ್ದ ದಿನ ಸ್ವಲ್ಪ ಬೇಗ ಹೋಗು ಮಾರಾಯ ಎಂದು ಅವನಿಗೆ ಹೇಳಿದೆ. ‘ಮಂಜಲ್ಲಿ ಆನೆ ಮೈಮೇಲೆ ಬಂದ್ರೂ ಕಾಣಲ್ಲ ರೈಟ್ರಮ್ಮ’ ಎಂದು ಗೊಣಗಿದ. ಆದರೂ ಬ್ಯಾಟರಿ ಹಿಡಿದು ಹೋಗುತ್ತಿದ್ದ. ಆರೂಕಾಲಿಗೆ ಫೋನ್ ಮಾಡುತ್ತಿದ್ದ. ನಾನು ಹಾಲ್‌ನ ಮೆಟ್ಟಿಲ ಮೇಲೆ ನಿಂತು ಮೆಸೇಜ್ ಹಾಕಿ, ಫೋನನ್ನು ಬುಟ್ಟಿಗಿಳಿಸಿ ಒಳಗೆ ಹೋಗುತ್ತಿದ್ದೆ. ನಾನು ಉಸಿರು ನೋಡಿಕೊಂಡು ಕೂರಲೆಂದು ಅರವತ್ತು ವರ್ಷದ ಒಬ್ಬ ಮನುಷ್ಯ ಕತ್ತಲಲ್ಲಿ ಆನೆ ಹುಡುಕುತ್ತಿದ್ದ ಎಂಬುದನ್ನು ನಾನು ಆಗ ಹೀಗೆ ಯೋಚಿಸಿರಲಿಲ್ಲ.

ಡಿಸೆಂಬರಿನ ಆ ಬುಧವಾರ ಆರೂಕಾಲಾದರೂ ಅವನ ಫೋನು ಬರಲಿಲ್ಲ. ಕಾಫಿ ಹಣ್ಣಿನ ಕೊಯ್ಲಿನ ಸಮಯ, ಹಿಂದಿನ ಎರಡು ತರಗತಿ ತಪ್ಪಿಹೋಗಿದ್ದವು. ನಾನು ಫೋನ್ ಮಾಡಿದರೆ ಸಿಗುತ್ತಿಲ್ಲ. ಹಳ್ಳದಲ್ಲಿ ಸಿಗ್ನಲ್ ಇಲ್ಲ, ಅದೇನು ಹೊಸದಲ್ಲ. ಆರೂ ಇಪ್ಪತ್ತೈದು. ಒಳಗೆ ಧನ್ಯಾ ಜಮಖಾನ ಹಾಸಿ ಆಗಿತ್ತು. ಹಿಂದಿನ ಸಂಜೆ ಆನೆ ಪಕ್ಕದ ಎಸ್ಟೇಟಿನ ಕಡೆ ದಾಟಿದ್ದು ನನಗೆ ಗೊತ್ತಿತ್ತು. ಇಷ್ಟು ಬೇಗ ವಾಪಸ್ ಬರುವುದಿಲ್ಲ ಎಂದುಕೊಂಡೆ. ಎಂದುಕೊಂಡೆ ಎನ್ನುವುದೂ ಸುಳ್ಳು. ನನಗೆ ಆ ಒಂದು ಗಂಟೆ ಬೇಕಿತ್ತು. ಬೆರಳು ಒತ್ತಿ ಹಿಡಿದು ‘ದಾರಿ ಸರಿ ಇದೆ, ಆರನೇ ಬ್ಲಾಕಿಗೆ ಹೊರಡಿ’ ಎಂದೆ. ದನಿಯಲ್ಲಿ ಒಂದಿಷ್ಟೂ ಅನುಮಾನ ಇರಲಿಲ್ಲ. ಆಮೇಲೆ ಎಷ್ಟೋ ಸಲ ಅದನ್ನು ಹಾಕಿ ಕೇಳಿದ್ದೇನೆ.

ಅವತ್ತು ಧ್ಯಾನ ಚೆನ್ನಾಗಿ ಆಯಿತು. ಅದನ್ನೂ ಹೇಳಿಬಿಡಬೇಕು. ಇಷ್ಟು ದಿನದಲ್ಲಿ ಅಷ್ಟು ಚೆನ್ನಾಗಿ ಆದದ್ದೇ ಇಲ್ಲ. ಮನಸ್ಸು ಎಲ್ಲಿಗೂ ಓಡಲಿಲ್ಲ. ಕಣ್ಣು ತೆರೆದಾಗ ಕಿಟಕಿಯ ಸರಳಿನ ಮೇಲೆ ಬಿಸಿಲು ಬಿದ್ದಿತ್ತು. ಇನ್ನು ಸತ್ತರೂ ಚಿಂತೆಯಿಲ್ಲ ಎನ್ನುವಷ್ಟು ನೆಮ್ಮದಿಯಾಗಿತ್ತು. ಹೊರಗೆ ಬಂದು ಬುಟ್ಟಿಯಿಂದ ಫೋನು ತೆಗೆದರೆ ಚೌಡಯ್ಯನ ಏಳು ಕರೆಗಳಿದ್ದವು.

ಏಳೂಕಾಲಿಗೆ, ಆರನೇ ಬ್ಲಾಕಿನ ತಿರುವಿನಲ್ಲಿ, ಒಂಟಿ ಆನೆ ಸಿಲ್ವರ್ ಮರಗಳ ಮರೆಯಿಂದ ಹೊರಬಂದಿತ್ತು. ಎಲ್ಲರೂ ದಿಕ್ಕಾಪಾಲಾಗಿ ಓಡಿದರು. ಆಳುಗಳಲ್ಲಿ ಹಳಬಳಾದ ಶಂಕರಮ್ಮ ಓಡಲಾಗದೆ ತೊಟ್ಟಿಲು ಗುಂಡಿಗೆ ಬಿದ್ದಳು. ಮಳೆನೀರು ಇಂಗಲೆಂದು ಕಾಫಿ ಸಾಲುಗಳ ನಡುವೆ ನಾವೇ ತೋಡಿಸುವ ಗುಂಡಿಗಳು ಅವು. ಆ ವರ್ಷದ ಗುಂಡಿಗಳನ್ನು ಅಳೆದು ಬರೆದುಕೊಂಡವಳೂ ನಾನೇ. ಆನೆ ಗುಂಡಿಯ ಅಂಚಿಗೆ ಬಂದು ಸೊಂಡಿಲು ಚಾಚಿ ಅವಳ ತಲೆವಸ್ತ್ರ ಎಳೆದುಕೊಂಡು, ಮೂಸಿ, ಎಸೆದು ಹೋಯಿತಂತೆ. ಮುಟ್ಟಲಿಲ್ಲ. ಆದರೆ ಬಿದ್ದ ರಭಸಕ್ಕೆ ಸೊಂಟದ ಬಳಿ ತೊಡೆಯ ಮೂಳೆ ಮುರಿದಿತ್ತು. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ನಡೆಯಬಹುದು, ಇಳಿಜಾರಿನಲ್ಲಿ ಕೆಲಸ ಮಾಡುವಂತಿಲ್ಲ ಎಂದರು. ನಮ್ಮ ಕಡೆ ಇಳಿಜಾರಲ್ಲದ ಜಾಗ ಎಲ್ಲಿದೆ? ಮೂವತ್ತೈದು ವರ್ಷದಿಂದ ಹಣ್ಣು ಕುಯ್ದವಳು ಶಂಕರಮ್ಮ. ಗೊಂಚಲಿನಲ್ಲಿ ಒಂದೂ ಕಾಯಿ ಮುಟ್ಟದೆ ಹಣ್ಣು ಮಾತ್ರ ಬಿಡಿಸುವ ಕೈ ಅವಳದ್ದು.

ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಎಲ್ಲರ ಬಾಯಲ್ಲೂ ‘ಆನೆ ಅಲ್ವಾ, ಎಂತ ಮಾಡೋದು’ ಎಂಬ ಒಂದೇ ಮಾತು. ಸಂಜೆ ಚೌಡಯ್ಯ ಮನೆಗೆ ಬಂದು ಜಗಲಿಯ ಕೆಳಗೇ ನಿಂತ.

‘ಮಂಜಲ್ಲಿ ನಂಗೆ ಕಾಣ್ಲಿಲ್ಲ, ಸರಿ ಇದೆ ಅಂತ ನಾನೇ ರೈಟ್ರಮ್ಮಂಗೆ ಹೇಳ್ದೆ ಅಂತ ನಂದನ್ ಸಾರ್ ಹತ್ರ ಹೇಳಿದೀನಿ’ ಎಂದ.

‘ಯಾಕೆ ಹೇಳಿದಿ?’

‘ನಂಗೆ ವಯಸ್ಸಾಯ್ತು, ನಂಬ್ತಾರೆ. ನಿಮ್ಮ ಕೆಲ್ಸ ಹೋದ್ರೆ ಎಲ್ಲಿಗೆ ಹೋಗ್ತೀರಿ?’

ಅವನಿಗೆ ಒಂದು ಲೋಟ ಕಾಫಿ ಕೊಡಬೇಕೆಂದೂ ನನಗೆ ತೋಚಲಿಲ್ಲ. ಅವನು ಹೋದ ಮೇಲೆ ನನ್ನ ಮೇಲೆ ಬಂದ ಸಿಟ್ಟನ್ನೆಲ್ಲ ಅವನ ಮೇಲೆ ತೀರಿಸಿಕೊಂಡೆ. ಯಾರು ಇವನಿಗೆ ದೊಡ್ಡತನ ಮಾಡೆಂದು ಹೇಳಿದವರು ಎಂದು ಖಾಲಿ ಅಡುಗೆಮನೆಯಲ್ಲಿ ಗಟ್ಟಿಯಾಗಿ ಬಯ್ದೆ.

ಮರುದಿನವೇ ನಂದನ್ ಸಾರ್ ಬಳಿ ಹೋಗಿ ಇದ್ದದ್ದನ್ನು ಹೇಳಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ‘ಆಗಿದ್ದು ಆಯ್ತು ಪ್ರೇಮಕ್ಕ. ನಂಗೆ ಹೇಳಿದ್ರಲ್ಲ, ಸಾಕು. ಶಂಕರಮ್ಮಂಗೆ ಹೇಳಿದ್ರೆ ಅವ್ರ ನೋವು ಕಡಿಮೆ ಆಗುತ್ತಾ?’ ಎಂದರು. ಓನರಿಗೆ ಹೇಳುವುದು ಸುಲಭ ಎಂದು ಆಗ ತಿಳಿಯಿತು. ಮುರಿದದ್ದು ಅವರ ಕಾಲಲ್ಲವಲ್ಲ.

ಭಾನುವಾರ ತರಗತಿಗೆ ಹೋದೆ. ಹೋಗಬಾರದಿತ್ತೋ ಏನೋ. ಎಲ್ಲರೂ ಎದ್ದು ಹೋದ ಮೇಲೆ ಧನ್ಯಾಳಿಗೆ ಎಲ್ಲ ಹೇಳಿದೆ. ಅವಳ ಮುಖ ಬಿಳಿಚಿತು. ಆದರೂ ಅಭ್ಯಾಸಬಲದಿಂದ ‘ತಪ್ಪು ಮಾಡಿದೆ ಅನ್ನೋ ಭಾವನೆ ಬಂದಾಗ ಅದನ್ನ ಸುಮ್ನೆ ಗಮನಿಸಿ ಆಂಟಿ, ಅದೂ ಬಂದು ಹೋಗುತ್ತೆ’ ಎಂದಳು.

ನನಗೆ ರೇಗಿಹೋಯಿತು. ‘ಎಲ್ಲಿಗೆ ಹೋಗುತ್ತೆ? ಹೋಗೋದು ಬೇಡ ಅದು. ಶಂಕರಮ್ಮನ ಕಾಲು ವಾಪಸ್ ಬರುತ್ತಾ? ಅದು ಬರೋ ತನಕ ಇದು ಯಾಕೆ ಹೋಗ್ಬೇಕು?’

ಜಮಖಾನ ಮಡಚುತ್ತಿದ್ದವಳು ಅದನ್ನು ಹಾಗೇ ಬಿಟ್ಟು ನನ್ನ ಪಕ್ಕ ಕೂತಳು. ‘ಇಂಥದ್ದಕ್ಕೆ ಎಂತ ಹೇಳ್ಬೇಕು ಅಂತ ನಂಗೆ ಗೊತ್ತಿಲ್ಲ ಆಂಟಿ. ಕೂತ್ರೆ ನೋವು ಹೋಗುತ್ತೆ ಅಂತ ನಾನು ಹೇಳಿದ್ರೆ ಅದು ನನ್ನ ತಪ್ಪು. ಕೂತ್ರೆ ಕಾಣುತ್ತೆ, ಅಷ್ಟೇ.’

ಹುಡುಗಿ ಪ್ರಾಮಾಣಿಕಳು. ಅದರಿಂದ ನನಗೆ ಇನ್ನೂ ಕಷ್ಟವಾಯಿತು. ಏಕೆಂದರೆ ಅವಳು ಹೇಳಿದ್ದು ನಿಜ. ಮನೆಯಲ್ಲಿ ಒಬ್ಬಳೇ ಕೂತಾಗ ಉಸಿರು ಕಾಣಲಿಲ್ಲ, ಬೆರಳು ಕಂಡಿತು. ಫೋನಿನ ಗಾಜಿನ ಮೇಲೆ ಒತ್ತಿ ಹಿಡಿದ ನನ್ನ ಹೆಬ್ಬೆರಳು. ದೇವರಿದ್ದ ಕಾಲದಲ್ಲಾದರೆ ಇಂಥದ್ದಕ್ಕೊಂದು ದಾರಿ ಇತ್ತು. ಅಡ್ಡಬಿದ್ದು, ಕೆನ್ನೆ ಕೆನ್ನೆ ಬಡಿದುಕೊಂಡು, ಕ್ಷಮಿಸಪ್ಪ ಎಂದು ಎದ್ದು ಬರಬಹುದಿತ್ತು. ಎದ್ದು ಬಂದಿದ್ದೆ ಕೂಡ, ಎಷ್ಟೋ ಸಲ. ಈಗ ಯಾರ ಮುಂದೆ ಬೀಳಲಿ? ನನ್ನನ್ನು ಕ್ಷಮಿಸಲು ಯಾರಾದರೂ ಇದ್ದರೆ ಅದು ಶಂಕರಮ್ಮ ಒಬ್ಬಳೇ. ಕ್ಷಮಿಸಬೇಕೆಂದು ಅವಳಿಗೇನೂ ಕಟ್ಟಲೆಯಿರಲಿಲ್ಲ.

ಎರಡು ಸಲ ಆಸ್ಪತ್ರೆಗೆ ಹೋಗಿ ಕಿತ್ತಳೆ ಕೊಟ್ಟು ಬಂದೆ. ಎರಡು ಸಲವೂ ಹೇಳಲಾಗಲಿಲ್ಲ. ಮೂರನೆಯ ಸಲ ಹೋಗುವ ಹೊತ್ತಿಗೆ ಹದಿನೆಂಟು ದಿನ ಕಳೆದಿತ್ತು. ಮಧ್ಯಾಹ್ನದ ಹೊತ್ತು, ಅವಳ ಮಗಳು ಊಟ ತರಲು ಕೆಳಗೆ ಹೋಗಿದ್ದಳು. ಶಂಕರಮ್ಮ ದಿಂಬಿಗೆ ಒರಗಿ ಕಿಟಕಿ ನೋಡುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿಸಿದಳು.

‘ಬಂದ್ರಾ ರೈಟ್ರಮ್ಮ? ನಿಮ್ಮನ್ನೇ ನೆನೀತಿದ್ದೆ. ಕಳಸದಲ್ಲಿ ನಿಮ್ಮ ತಂಗಿ ಮನೆ ಉಂಟಲ್ಲ. ಆ ಕಡೆ ಯಾವಾಗ ಹೋಗ್ತೀರಿ?’

‘ಯಾಕೆ?’

ಅವಳು ದಿಂಬಿನ ಅಡಿಯಿಂದ ಅರಿಶಿನದಲ್ಲಿ ಅದ್ದಿದ ಬಟ್ಟೆಯ ಚಿಕ್ಕ ಗಂಟು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಒಳಗೆ ನಾಣ್ಯ ಗಟ್ಟಿಯಾಗಿ ಕೈಗೆ ಸಿಕ್ಕಿತು. ತಪ್ಪುಕಾಣಿಕೆ. ದೇವರಿಗೆ ಏನಾದರೂ ತಪ್ಪಿ ನಡೆದಿದ್ದರೆ, ತಪ್ಪಾಯಿತೆಂದು ಒಪ್ಪಿ ಕಟ್ಟಿಡುವ ಕಾಣಿಕೆ. ನಾನೂ ಎಷ್ಟೋ ಕಟ್ಟಿದ್ದೇನೆ.

‘ಮಗಳ ಹೆರಿಗೆ ಸುಸೂತ್ರ ಆದ್ರೆ ಬಾಳೆಹೊಳೆಯಿಂದ ಬರಿಗಾಲಲ್ಲಿ ನಡ್ಕೊಂಡು ಬರ್ತೀನಿ ಕಳಸೇಶ್ವರ ಅಂದಿದ್ದೆ’ ಎಂದಳು. ‘ಈ ವರ್ಷ ಆಗ್ಲಿಲ್ಲ, ಮುಂದಿನ ವರ್ಷ ಅಂತ ಎರಡು ವರ್ಷ ತಳ್ಳಿದೆ. ಅದಕ್ಕೇ ಕಾಲು ತಗೊಂಡ ನೋಡಿ. ನಂದೇ ತಪ್ಪು. ನಡೀಲೇಬೇಕಾ, ಬಸ್ಸಲ್ಲಿ ಹೋಗಿ ಬಂದ್ರೆ ಸಾಲ್ದಾ ಅಂತ ಉಡಾಫೆ ಮಾಡಿದ್ದೆ. ಇದನ್ನ ಹುಂಡಿಗೆ ಹಾಕಿ, ಶಂಕರಮ್ಮಂದು ತಪ್ಪಾಯ್ತಂತೆ ಅಂತ ಹೇಳಿ. ನೀವು ನಂಬಲ್ಲ ಅಂತ ಗೊತ್ತು. ನಂಗೋಸ್ಕರ ಹೇಳಿ.’

ಹದಿನೆಂಟು ದಿನ ಅವಳು ಈ ಹಾಸಿಗೆಯಲ್ಲಿ ಮಲಗಿ, ನನ್ನ ತಪ್ಪನ್ನು ತನ್ನದೆಂದು ಹೊತ್ತುಕೊಂಡು, ದೇವರಿಗೆ ಸಮಜಾಯಿಷಿ ಹುಡುಕುತ್ತಿದ್ದಳು. ಚೌಡಯ್ಯ ಹೊತ್ತದ್ದು ಸಾಲದೆಂದು ಇವಳೂ ಹೊತ್ತಿದ್ದಳು. ಹೊರದೆ ಉಳಿದವಳು ನಾನೊಬ್ಬಳೇ. ಆ ಗಂಟನ್ನು ತೆಗೆದುಕೊಂಡು ಹೋಗಿ ಹುಂಡಿಗೆ ಹಾಕಿಬಿಟ್ಟರೆ ಮುಗಿಯುತ್ತಿತ್ತು. ಅವಳಿಗೂ ನೆಮ್ಮದಿ, ನನಗೂ. ಒಂದು ಕ್ಷಣ ಹಾಗೂ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ.

‘ಶಂಕರಮ್ಮ, ಅವತ್ತು ಚೌಡಯ್ಯ ನಂಗೆ ಸರಿ ಇದೆ ಅಂತ ಹೇಳಿರಲಿಲ್ಲ’ ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ನಾನು ಮೊದಲಿಂದ ಹೇಳಿದೆ. ಫೋನು ಸಿಗದಿದ್ದದ್ದು, ಹೊತ್ತಾಗುತ್ತಿದ್ದದ್ದು, ವಿಚಾರಿಸದೆ ಮೆಸೇಜ್ ಹಾಕಿದ್ದು, ಬುಟ್ಟಿಯಲ್ಲಿ ಫೋನಿಟ್ಟು ಕಣ್ಣುಮುಚ್ಚಿ ಕೂತದ್ದು. ಚೆನ್ನಾಗಿ ಧ್ಯಾನವಾಯಿತು ಎನ್ನುವುದನ್ನೂ ಬಿಡದೆ ಹೇಳಿದೆ. ಹೇಳುತ್ತಿದ್ದಂತೆ ಅವಳ ಮುಖದಲ್ಲಿದ್ದ ಮೆತ್ತಗಿನದ್ದೆಲ್ಲ ಹೋಯಿತು.

‘ಎಷ್ಟು ಸಲ ಫೋನ್ ಮಾಡಿದ್ದ ಚೌಡಯ್ಯ?’

‘ಏಳು ಸಲ.’

‘ಆಗ ನೀವು ಎಂತ ಮಾಡ್ತಿದ್ರಿ?’

‘ಉಸಿರು ನೋಡ್ತಿದ್ದೆ.’

‘ಉಸಿರು’ ಎಂದಳು. ಆಮೇಲೆ ಬಯ್ಯಲು ಶುರುಮಾಡಿದಳು.

ಮೂವತ್ತೈದು ವರ್ಷ ಎಸ್ಟೇಟಿನಲ್ಲಿ ದುಡಿದವಳ ಬಾಯಿ ಅದು. ಪಕ್ಕದ ಮಂಚದವರು ಎದ್ದು ಕೂತರು. ದೇವರು ಮಾಡಿದ್ದೆಂದರೆ ಸುಮ್ಮನಿರುತ್ತಿದ್ದೆ, ಇಷ್ಟು ದಿನ ಸುಮ್ಮನೇ ಇದ್ದೆ, ನೀವು ಮಾಡಿದ್ದೆಂದರೆ ಎಂತಕ್ಕೆ ಸುಮ್ಮನಿರಲಿ ಎಂದಳು. ನಿಮಗೆ ನೆಮ್ಮದಿ ಬೇಕಿದ್ದರೆ ಕೆಲಸ ಬಿಡಬೇಕಿತ್ತು, ನಮ್ಮನ್ನು ಆನೆ ಬಾಯಿಗೆ ಕಳಿಸಿ ಅದನ್ನು ಸಂಪಾದಿಸಬೇಕಿತ್ತಾ ಎಂದಳು. ನಿಮ್ಮ ಗಂಡ ಎಂಥ ಮನುಷ್ಯ, ಅವರಿದ್ದಿದ್ದರೆ ಎಂದೂ ಹೇಳಿದಳು. ಅದು ತಾಗಿತು. ನರ್ಸ್ ಬಂದು ‘ಅಮ್ಮ, ಮೆತ್ತಗೆ’ ಎಂದಾಗ ಅವಳಿಗೂ ಎರಡು ಬೈಗುಳ ಬಿದ್ದವು. ನಾನು ಸ್ಟೂಲಿನ ಮೇಲೆ ಕೂತಿದ್ದೆ. ಅತ್ತರೆ ಅವಳು ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ, ಅವಳು ಅಂಥವಳು. ಅದಕ್ಕೆ ಅಳಲಿಲ್ಲ. ಅವಳ ಒಂದೊಂದು ಮಾತನ್ನೂ ಪೂರ್ತಿ ಕೇಳಿಸಿಕೊಂಡೆ.

ಕೊನೆಗೆ ಅವಳಿಗೆ ಉಸಿರು ಸಾಲದಾಯಿತು. ನೀರು ಕೊಟ್ಟೆ, ಕುಡಿದಳು. ನನ್ನ ಕೈಯಲ್ಲಿ ಆ ಗಂಟು ಹಾಗೇ ಇತ್ತು, ಬೆವರಿಗೆ ಅರಿಶಿನ ಬಿಟ್ಟು ಅಂಗೈ ಹಳದಿಯಾಗಿತ್ತು. ಅವಳ ಮುಂದೆ ಹಿಡಿದೆ.

‘ನಂಗೆ ಯಾಕೆ?’ ಎಂದಳು. ‘ನಂದು ಬೇರೆ ಕಟ್ತೀನಿ, ಹರಕೆ ನಡೀದಿದ್ದಕ್ಕೆ. ಇದು ಕಾಲು ಮುರ್ದಿದ್ದಕ್ಕೆ ಕಟ್ಟಿದ್ದು. ಇದು ನಿಮ್ದು.’

‘ನಾನು ದೇವಸ್ಥಾನಕ್ಕೆ ಹೋಗೋದು ಬಿಟ್ಟಿದೀನಿ ಶಂಕರಮ್ಮ.’

‘ಗೊತ್ತು. ನಾನಾದ್ರೆ ಹುಂಡಿಗೆ ಹಾಕಿ ಹಗುರ ಆಗ್ತಿದ್ದೆ. ನಿಮಗೆ ಹುಂಡಿ ಇಲ್ಲ. ಹಂಗಾರೆ ನಿಮ್ಮ ಹತ್ರನೇ ಇರ್ಲಿ.’

ಅಷ್ಟು ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ಗಂಟನ್ನು ಬ್ಯಾಗಿನೊಳಗೆ ಹಾಕಿಕೊಂಡೆ. ಇನ್ನು ಈ ಮುಖ ತೋರಿಸುವ ಹಾಗಿಲ್ಲ ಎಂದುಕೊಂಡು ಎದ್ದು ಬಾಗಿಲವರೆಗೆ ಬಂದಾಗ ಹಿಂದಿನಿಂದ ಅವಳ ದನಿ ಕೇಳಿತು.

‘ನಾಳೆ ಬನ್ನಿ. ಇನ್ನೂ ಬಯ್ಯೋದಿದೆ.’